ಮೂರು ಬೂದು ಫೋಟೋ ಸೇರಿಸಿ ಒಂದು ಬಣ್ಣದ ಚಿತ್ರ

ಧಾರವಾಡದ ಒಂದು ಲ್ಯಾಬಿನಲ್ಲಿ ಉಳ್ಳಾಗಡ್ಡಿ ಬೇರಿನ ತುದಿ ನೋಡುವುದು ನನ್ನ ಕೆಲಸ. ಡಿಎನ್‌ಎಗೆ ನೀಲಿಯಾಗಿ ಹೊಳೆಯುವ ಡಾಪಿ ಎಂಬ ಬಣ್ಣ, ಜೀವಕೋಶದೊಳಗಿನ ಟ್ಯುಬುಲಿನ್ ಎಂಬ ಪ್ರೋಟೀನಿನ ಎಳೆಗಳಿಗೆ ಹಸಿರು ಹೊಳೆಯುವ ಆಂಟಿಬಾಡಿ. ಒಂದೇ ಜಾಗದ ಮೂರು ಫೋಟೋ ತೆಗೆಯುತ್ತೇನೆ: ಡಾಪಿ, ಹಸಿರು, ಮತ್ತೆ ಮಾಮೂಲಿ ಬೆಳಕಿನದು. ಕ್ಯಾಮೆರಾ ಕಪ್ಪು-ಬಿಳುಪಿನದು. ಬಣ್ಣ ಹಚ್ಚೋದು ಆಮೇಲೆ ನಾವೇ, ಫಿಜಿಯಲ್ಲಿ. ಇಮೇಜ್‌ಜೆ ಅನ್ನೋ ಫೋಟೋ ಅಳೆಯುವ ಸಾಫ್ಟ್‌ವೇರಿಗೆ ಬೇಕಾದ ಪ್ಲಗಿನ್ (ಹೆಚ್ಚುವರಿ ಸಲಕರಣೆ) ಎಲ್ಲ ಸೇರಿಸಿ ಕೊಟ್ಟಿರುವ ಸಾಫ್ಟ್‌ವೇರ್ ಅದು, ಪುಕ್ಕಟೆ ಸಿಗುತ್ತದೆ.

ಮೂರೂ ಫೈಲ್ ತೆರೆಯಿರಿ. ಅಳತೆ ಮತ್ತು ಬಿಟ್ (ಪಿಕ್ಸೆಲ್ಲಿನ ಬೆಳಕನ್ನು ಎಷ್ಟು ಮೆಟ್ಟಿಲಲ್ಲಿ ಎಣಿಸುತ್ತದೆ ಅನ್ನೋದು) ಒಂದೇ ಇರಬೇಕು, ಇಲ್ಲದಿದ್ದರೆ ಸೇರುವುದಿಲ್ಲ.

ಸೇರಿಸುವ ಮೊದಲು ಕಂಟ್ರೋಲ್, ಶಿಫ್ಟ್, ಸಿ ಒತ್ತಿ ಬ್ರೈಟ್‌ನೆಸ್ ಕಿಟಕಿ ತೆರೆಯಿರಿ. ಅಲ್ಲಿ 'ಆಟೋ' ಅಂತ ಒಂದು ಬಟನ್ ಇದೆ. ಅದನ್ನು ಒತ್ತಿಯೇ ನಾನು ಕೆಟ್ಟೆ. ಹೋಲಿಕೆಗೆ ಇಡುವ ಕಂಟ್ರೋಲ್ ಸ್ಲೈಡಿಗೆ ಟ್ಯುಬುಲಿನ್‌ಗೆ ಅಂಟುವ ಮೊದಲ ಆಂಟಿಬಾಡಿ ಹಾಕಿರುವುದಿಲ್ಲ, ಹಾಗಾಗಿ ಹೊಳೆಯುವ ಎರಡನೆಯದಕ್ಕೆ ಹಿಡಿಯಲು ಏನೂ ಇರುವುದಿಲ್ಲ. ಆ ಸ್ಲೈಡ್ ಕಪ್ಪಗಿರಬೇಕು ಅಲ್ವಾ? ನನ್ನದು ದೀಪಾವಳಿ ಹಾಗೆ ಹೊಳೆಯುತ್ತಿತ್ತು. ಗೈಡ್ ಕನ್ನಡಕ ಏರಿಸಿ, "ಏನೂ ಹಾಕಿಲ್ಲಂದ್ರ ಇದು ಯಾಕ ಹೊಳೀಲಿಕ್ಕತ್ತದ?" ಅಂದರು. ನೋಡಿದರೆ ಆ ಫೋಟೋದಲ್ಲಿ ಇದ್ದದ್ದೇ 180ರಿಂದ 260ರವರೆಗಿನ ಮಂಕು ಬೆಳಕು. ಆಟೋ ಅಷ್ಟನ್ನೇ ಎಳೆದು ಕಪ್ಪಿನಿಂದ ಬಿಳಿವರೆಗೆ ಹರಡಿಬಿಟ್ಟಿತ್ತು. ನಮ್ಮ ಕ್ಯಾಮೆರಾ 12 ಬಿಟ್‌ನದು, 0ಯಿಂದ 4095ರವರೆಗೆ ಎಣಿಸುತ್ತದೆ.

ಈಗ ನಾನು 'ಸೆಟ್' ಒತ್ತಿ ಅಂಕಿ ಕೈಯಾರೆ ಬರೆಯುತ್ತೇನೆ. ಹಸಿರಿಗೆ ಕನಿಷ್ಠ 180 ಮತ್ತು ಗರಿಷ್ಠ 2200. ಕಂಟ್ರೋಲ್ ಸ್ಲೈಡಿಗೂ ಅದೇ, ಅಸಲಿಗೂ ಅದೇ. ನಿಮ್ಮ ಅಂಕಿ ಬೇರೆ ಇರುತ್ತದೆ, ಆದರೆ ಹೋಲಿಸುವ ಎಲ್ಲ ಫೋಟೋಗಳಿಗೂ ಒಂದೇ ಇರಲಿ. ಫೋಟೋ ತೆಗೆಯುವಾಗ ಎಕ್ಸ್‌ಪೋಷರ್ ಕೂಡ ಅಷ್ಟೇ. 'ಅಪ್ಲೈ' ಮಾತ್ರ ಮುಟ್ಟಬೇಡಿ. ಅದು ಪಿಕ್ಸೆಲ್ಲಿನ ಅಂಕಿಯನ್ನೇ ಬದಲಿಸುತ್ತದೆ.

ಆಮೇಲೆ ಮೆನುವಿನಲ್ಲಿ ಇಮೇಜ್, ಕಲರ್, ಮರ್ಜ್ ಚಾನೆಲ್ಸ್ (ಒಂದೊಂದು ಫೋಟೋನೂ ಒಂದು ಚಾನೆಲ್). ಅಲ್ಲಿ ಬಣ್ಣಕ್ಕೊಂದು ಖಾನೆ ಇದೆ. ಸಿ2 ಹಸಿರು, ಸಿ4 ಬೂದು, ಸಿ6 ಮೆಜೆಂಟಾ. ಡಾಪಿಯನ್ನು ನಾನು ಸಿ6ಕ್ಕೆ ಹಾಕುತ್ತೇನೆ. ನೀಲಿಯೇ ಆಗಬೇಕು ಅಂತೇನಿಲ್ಲ. ಕಪ್ಪಿನ ಮೇಲೆ ನೀಲಿ ಮಂಕು. ಧಾರವಾಡದ ಸಪ್ತಾಪುರದಲ್ಲಿ ಒಮ್ಮೆ ಪ್ರಿಂಟ್ ತೆಗೆಸಿದಾಗ ನ್ಯೂಕ್ಲಿಯಸ್ಸೇ ಮಾಯ! ಕೆಂಪು-ಹಸಿರು ಜೋಡಿಯೂ ಬೇಡ, ಎರಡರ ವ್ಯತ್ಯಾಸ ಕಾಣದವರು ಪ್ರತಿ ಕ್ಲಾಸಿನಲ್ಲೂ ಇರಬಹುದು. ಹಸಿರು-ಮೆಜೆಂಟಾ ಕೂಡಿದಲ್ಲಿ ಬಿಳಿ ಕಾಣುತ್ತದೆ, ಗುರುತಿಸೋದು ಸುಲಭ.

'ಕ್ರಿಯೇಟ್ ಕಾಂಪೋಸಿಟ್'ಗೆ ಟಿಕ್ ಇರಲಿ. ಆಗ ಚಾನೆಲ್‌ಗಳು ಬೇರೆ ಬೇರೆಯಾಗೇ ಉಳಿಯುತ್ತವೆ. ಮಾಮೂಲಿ ಬೆಳಕಿನ ಫೋಟೋ ಜಾಸ್ತಿ ಬೆಳ್ಳಗಿದ್ದು ಬಣ್ಣವನ್ನೆಲ್ಲ ನುಂಗುತ್ತದೆ. ಶಿಫ್ಟ್, ಝೆಡ್ ಒತ್ತಿದರೆ ಬರುವ ಚಾನೆಲ್ ಕಿಟಕಿಯಲ್ಲಿ ಅದರ ಟಿಕ್ ತೆಗೆಯಿರಿ.

ನಮ್ಮ ಮೈಕ್ರೋಸ್ಕೋಪಿನಲ್ಲಿ ಫಿಲ್ಟರ್ ಬದಲಾದಾಗ ಹಸಿರು ಚಿತ್ರ 3 ಪಿಕ್ಸೆಲ್ ಮೇಲೆ ಸರಿಯುತ್ತದೆ. ಇಮೇಜ್, ಟ್ರಾನ್ಸ್‌ಫಾರ್ಮ್, ಟ್ರಾನ್ಸ್‌ಲೇಟ್‌ನಲ್ಲಿ ಇಳಿಸಿಕೊಳ್ಳುತ್ತೇನೆ. ಇದನ್ನು ಸೇರಿಸುವ ಮೊದಲೇ ಮಾಡಿ, ಎಲ್ಲ ಹಸಿರು ಫೋಟೋಗೂ ಅಷ್ಟೇ ಮಾಡಿ.

ಕಾಂಪೋಸಿಟನ್ನು ಟಿಫ್‌ನಲ್ಲಿ ಉಳಿಸಿ. ಅದರದೊಂದು ನಕಲನ್ನು ಆರ್‌ಜಿಬಿ (ಮಾಮೂಲಿ ಬಣ್ಣದ ಚಿತ್ರ) ಮಾಡಿಕೊಂಡು ಸ್ಲೈಡ್‌ಶೋಗೆ ಹಾಕಿ. ಜೆಪೆಗ್ ವಾಟ್ಸ್ಆ್ಯಪಿಗೆ ಸಾಕು, ಅಳತೆ ಮಾಡೋಕೆ ಬೇಡ.