ಒಟ್ಟೆ ಎಣಿಸಿ ಕಲಿತ ಲೇಸು

ಕ್ರೋಶ ಕಡ್ಡಿ ಹಿಡಿಯಲು ಹೇಳಿಕೊಟ್ಟವರು ಪೆರ್ಲದ ದೊಡ್ಡಮ್ಮ. ಸರಪಳಿಯಂತೆ ಸಾಗುವ ಚೈನು, ನೆಟ್ಟಗೆ ನಿಲ್ಲುವ ಕಂಬ, ಈ ಎರಡು ಹೆಣಿಗೆಯೂ ಒಂದೇ ಮಳೆಗಾಲದಲ್ಲಿ ಕೈಗೆ ಹತ್ತಿದವು. ಪ್ಯಾಟರ್ನ್, ಅಂದರೆ ಹೆಣೆಯುವ ಕ್ರಮ ಬರೆದಿಟ್ಟದ್ದನ್ನು, ಓದಲು ಮಾತ್ರ ಮತ್ತೆರಡು ವರ್ಷ ಬೇಕಾಯಿತು.

ನಾನು ಕಲಿತದ್ದು ಬದಿಯಡ್ಕದಲ್ಲಿ, ಕನ್ನಡ ಮಾಧ್ಯಮದಲ್ಲಿ. ಸಿಕ್ಕಿದ ಲೇಸಿನ ಪುಸ್ತಕಗಳೆಲ್ಲ ಇಂಗ್ಲಿಷಿನವು. ತಲೆದಿಂಬಿನ ಕವರಿಗೆ ಗುಲಾಬಿಯ ಅಂಚು ಹೆಣೆಯಲು ಕೂತಾಗ ಪುಸ್ತಕದಲ್ಲಿ ‘ಟ್ರೆಬಲ್’ ಎಂದಿತ್ತು. ಮೊಬೈಲಿನಲ್ಲಿ ನೋಡಿ ಕಲಿತ ಟ್ರೆಬಲನ್ನೇ ಹಾಕಿದೆ, ಕಡ್ಡಿಗೆ ಎರಡು ಸುತ್ತು ನೂಲು. ಚೌಕಗಳೆಲ್ಲ ಉದ್ದುದ್ದ ಕಿಟಕಿಯಾದವು, ಗುಲಾಬಿ ಮೇಲಕ್ಕೆ ಜಗ್ಗಿಕೊಂಡಿತು. ಬ್ರಿಟಿಷ್ ಪುಸ್ತಕದ ಟ್ರೆಬಲ್ ಎಂದರೆ ಅಮೆರಿಕದವರ ಡಬಲ್ ಕ್ರೋಶ, ಒಂದೇ ಸುತ್ತಿನ ಕಂಬ. ಅದು ತಿಳಿಯುವ ಹೊತ್ತಿಗೆ ಬಿಚ್ಚಿ ಬಿಚ್ಚಿ ನೂಲಿಗೆ ನಾರು ಎದ್ದಿತ್ತು. ಈಗ ಯಾವ ಪ್ಯಾಟರ್ನ್ ತೆರೆದರೂ ‘ಸಿಂಗಲ್ ಕ್ರೋಶ’ ಎಂಬ ಮಾತು ಇದೆಯೇ ಎಂದು ಮೊದಲು ಹುಡುಕುತ್ತೇನೆ. ಇದ್ದರೆ ಅಮೆರಿಕದ ಲೆಕ್ಕ. ಈಗಿನ ಬ್ರಿಟಿಷ್ ಪ್ಯಾಟರ್ನ್‌ಗಳಲ್ಲಿ ಆ ಹೆಸರು ಬರುವುದಿಲ್ಲ.

ಕೆಟ್ಟುಹೋದ ಅಂಚನ್ನು ದೊಡ್ಡಮ್ಮನಿಗೆ ತೋರಿಸಿದೆ. “ಕೂಸೇ, ಓದೆಡ. ಒಟ್ಟೆ ಎಲ್ಲಿದ್ದು, ಅದರ ನೋಡು” ಎಂದರು. ಓದಬೇಡ, ಒಟ್ಟೆ, ಅಂದರೆ ತೂತು, ಎಲ್ಲಿದೆ ನೋಡು ಎಂದು. ಅವರು ಚೌಕುಳಿ ಚಾರ್ಟು ನೋಡಿಯೇ ಹೆಣೆದವರು. ಫಿಲೆ ಎಂಬ ಈ ಬಗೆಯಲ್ಲಿ ಖಾಲಿ ಚೌಕವೆಂದರೆ ಒಂದು ಒಟ್ಟೆ: ಕಂಬ, ಎರಡು ಚೈನು, ಮತ್ತೆ ಕಂಬ. ತುಂಬಿದ ಚೌಕವಾದರೆ ಆ ಎರಡು ಚೈನಿನ ಜಾಗಕ್ಕೆ ಎರಡು ಕಂಬ. ಹತ್ತು ಚೌಕದ ಅಗಲಕ್ಕೆ 31 ಚೈನು, ಚೌಕಕ್ಕೆ ಮೂರರಂತೆ, ಕೊನೆಯ ಕಂಬಕ್ಕೆ ಒಂದು. ಸಾಲು ಒಟ್ಟೆಯಿಂದಲೇ ಶುರುವಾದರೆ ಇನ್ನು ನಾಲ್ಕು ಸೇರಿಸಿ, ಕಡ್ಡಿಯಿಂದ ಎಂಟನೆಯ ಚೈನಿಗೆ ಕಂಬ ಹಾಕಬೇಕು. ಚಾರ್ಟು ಓದುವುದು ಕೆಳಗಿನಿಂದ ಮೇಲಕ್ಕೆ. ಮೊದಲ ಸಾಲು ಬಲದಿಂದ ಎಡಕ್ಕೆ, ಮುಂದಿನದು ಎಡದಿಂದ ಬಲಕ್ಕೆ. ಸಾಲು ಮುಗಿದಾಗಲೆಲ್ಲ ಹೆಣಿಗೆಯನ್ನು ತಿರುಗಿಸುತ್ತೇವಲ್ಲ. ತಿರುಗುವಾಗ ಹಾಕಿದ ಚೈನಿನ ಮೇಲೆ ಕೊನೆಯ ಕಂಬ ಹಾಕಲು ಮರೆತರೆ ಅಂಚು ಓರೆಯಾಗುತ್ತಾ ಹೋಗುತ್ತದೆ. ನನಗೆ ತುಂಬ ಸಲ ಹಾಗಾಗಿದೆ. ಹಾಗಾಗಿ ಪ್ರತಿ ಸಾಲಿನ ತುದಿಯಲ್ಲೂ ಎಣಿಸುತ್ತೇನೆ.

ಆಮೇಲೆ ಸಂಕೇತದ ಚಾರ್ಟುಗಳೂ ಸುಲಭವಾದವು. ಮೊಟ್ಟೆಯಾಕಾರ ಚೈನು, ‘ಟಿ’ಯಂಥದ್ದು ಕಂಬ, ಅದರ ಮೈಮೇಲೆ ಎಷ್ಟು ಗೀರೋ ಅಷ್ಟು ಸುತ್ತು. ಜಪಾನಿನ ಪುಸ್ತಕವನ್ನೂ ಒಂದಕ್ಷರ ತಿಳಿಯದೆ ಹೆಣೆಯಬಹುದು.

ಹೊಸಬರಿಗೆ 20 ನಂಬರಿನ ನೂಲು ಸಾಕು. 40 ಇನ್ನೂ ಸಪೂರ, ಕಣ್ಣಿಗೆ ಕಷ್ಟ. ಮುಗಿದ ಲೇಸನ್ನು ಒದ್ದೆ ಮಾಡಿ ಗುಂಡುಪಿನ್ನು ಚುಚ್ಚಿ ಹರಡಿ ಒಣಗಿಸದಿದ್ದರೆ ಒಟ್ಟೆಗಳು ಬಿಡಿಸಿಕೊಳ್ಳುವುದಿಲ್ಲ. ಗಂಜಿ ಹಾಕುವುದಿದ್ದರೆ ಮಳೆ ಕಳೆಯಲಿ. ಆಟಿ ತಿಂಗಳ ಮಳೆಯಲ್ಲಿ ಗಂಜಿ ಹಾಕಿದ್ದಕ್ಕೆ ಬೂಸ್ಟು ಬಂದು ಒಂದು ಟೇಬಲ್ ಕ್ಲಾತ್ ಹಾಳಾಗಿದೆ.

ಈಗ ಲೆಕ್ಕದ ಚೌಕುಳಿ ಪುಸ್ತಕದಲ್ಲಿ ಅಡಿಕೆಯ ಹಿಂಗಾರ, ಅಂದರೆ ಹೂಗೊಂಚಲು, ಬರೆಯುತ್ತಿದ್ದೇನೆ. ಚೌಕದಲ್ಲಿ ಓರೆ ಗೆರೆಯೆಲ್ಲ ಮೆಟ್ಟಿಲಾಗುತ್ತದೆ, ಎಸಳು ಬಾಗುವುದಿಲ್ಲ. 24 ಚೌಕದ ಅಗಲ ಸಾಲಲಿಲ್ಲ. ನಾಳೆ 36ರಲ್ಲಿ ಬರೆದು ನೋಡಬೇಕು.