ಸ್ಟುಡಿಯೊ 54ರಂಥ ರಾತ್ರಿ ಕಟ್ಟಬೇಕೆಂದರೆ ಮೊದಲು ಮಾಳಿಗೆ ನೋಡಬೇಕು

ಬೆಳಗಾವಿಯಲ್ಲಿ ಡಾನ್ಸ್ ರಾತ್ರಿಗೆ ಹಾಲ್ ಸಜ್ಜುಮಾಡುವಾಗ ಎಲ್ಲರೂ ಮೊದಲು ಕೇಳುವುದು ಎಷ್ಟು ಲೈಟು ಅಂತ. ನಾವು ಮೊದಲು ಅಳೆಯುವುದು ಮಾಳಿಗೆಯ, ಅಂದರೆ ಛಾವಣಿಯ, ಎತ್ತರ. 18 ಅಡಿಗಿಂತ ಕಡಿಮೆ ಇದ್ದರೆ ಈ ಕೆಲಸಕ್ಕೆ ಕೈಹಾಕುವುದಿಲ್ಲ.

ನ್ಯೂಯಾರ್ಕಿನ ಡಿಸ್ಕೊ ಕ್ಲಬ್ ಸ್ಟುಡಿಯೊ 54 ಶುರುವಾದದ್ದು 1977ರ ಏಪ್ರಿಲ್ 26ರಂದು. ಆದರೆ ಕಟ್ಟಡ 1927ರದು, ಒಪೆರಾಕ್ಕೆಂದು ಕಟ್ಟಿದ್ದು. ಆಮೇಲೆ ರೇಡಿಯೊ-ಟಿವಿ ಕಂಪನಿ ಸಿಬಿಎಸ್‌ನವರ ಸ್ಟುಡಿಯೊ ಆಗಿತ್ತು. ಸೀನು ಎತ್ತಿಳಿಸುವ ಹಗ್ಗ, ರಾಟೆ, ತೂಕಗಳನ್ನು ಕ್ಲಬ್ಬಿನ ಮಾಲೀಕರಾದ ಸ್ಟೀವ್ ರೂಬೆಲ್ ಮತ್ತು ಇಯಾನ್ ಶ್ರೇಗರ್ ಕೀಳಿಸಲಿಲ್ಲ. ಕುಣಿಯುವ ನೆಲವನ್ನು ಅದರ ಕೆಳಗೇ ಇಟ್ಟರು. ಜೂಲ್ಸ್ ಫಿಶರ್, ಪಾಲ್ ಮರಾಂಟ್ಜ್ ಬೆಳಕು ಮಾಡಿದರು. ಮಿನುಗುವ ಕಂಬಗಳು ಕುಣಿಯುವವರ ನಡುವೆ ಇಳಿದು ಮತ್ತೆ ಏರುತ್ತಿದ್ದವು. ಮೂಗಿಗೆ ಚಮಚ ಹಿಡಿದ ಚಂದ್ರನ ಆಕೃತಿಯೂ ಮೇಲಿಂದಲೇ ಬರುತ್ತಿತ್ತು. ಒಂದೇ ರಾತ್ರಿಯಲ್ಲಿ ಜಾಗ ಹತ್ತು ಸಲ ಬದಲಾದಂತೆ ಅನ್ನಿಸುವುದಕ್ಕೆ ಕಾರಣ ಇದೇ. ನಮ್ಮಲ್ಲಿ ಈ ವಿದ್ಯೆ ಇರುವುದು ಬಾದಾಮಿಯ ಬನಶಂಕರಿ ಜಾತ್ರೆಗೆ ಬರುವ ನಾಟಕ ಕಂಪನಿಗಳಲ್ಲಿ, ಪರದೆ ಎತ್ತುವವರ ಕೈಯಲ್ಲಿ. ಡಿಜೆಯವರು ಅವರನ್ನು ಕರೆಯುವುದೇ ಇಲ್ಲ, ಅದು ದೊಡ್ಡ ನಷ್ಟ.

40 ಅಡಿ ಅಗಲ, 60 ಅಡಿ ಉದ್ದದ ಹಾಲ್‌ಗೆ, ಲೈಟು ತೂಗಿ ಹೀಗೆ ಎತ್ತಿಳಿಸುವುದಕ್ಕೆ, ಆರು ಪೈಪು ಸಾಕು. ಒಂದೂವರೆ ಇಂಚಿನ ಜಿಐ ಪೈಪು, 12 ಅಡಿ ಉದ್ದ, ತೂಕ ಸುಮಾರು 13 ಕಿಲೊ. ಅದಕ್ಕೆ ನಾಲ್ಕು ಎಲ್‌ಇಡಿ ಪಾರ್ ಲೈಟು (ಡಬ್ಬಿಯಂಥ ಸ್ಟೇಜ್ ಲೈಟು), ಕ್ಲಾಂಪು, ವೈರು ಸೇರಿ ಒಟ್ಟು 30 ಕಿಲೊ ಹಿಡಿಯುತ್ತೇವೆ. ರಾಟೆಯ ಇನ್ನೊಂದು ಕಡೆ ಎದುರು ತೂಕಕ್ಕೆ 9 ಕಿಲೊದ ಮೂರು ಮರಳು ಚೀಲ. ಪೈಪಿನ ಕಡೆ 3 ಕಿಲೊ ಹೆಚ್ಚಿದ್ದರೆ ಒಬ್ಬನೇ ಎಳೆಯಬಹುದು, ಬಿಟ್ಟರೆ ನಿಧಾನ ಇಳಿಯುತ್ತದೆ. ಪ್ರತಿ ಪೈಪಿಗೆ 6 ಮಿಮೀ ಉಕ್ಕಿನ ತಂತಿ ಮೂರು: ಎರಡು ತುದಿಗೆ, ಒಂದು ನಡುವಿಗೆ. ನೈಲಾನ್ ಹಗ್ಗ ಬೇಡ. ಅದು ಜಗ್ಗಿ ಪೈಪು ಒಂದು ಬದಿಗೆ ವಾಲುತ್ತದೆ. ನಾರಿನ ಹಗ್ಗ ಬೆಳಗಾವಿ ಮಳೆಗಾಲದಲ್ಲಿ ತೇವ ಹೀರಿ ಬಿಗಿಯುತ್ತದೆ, ಸಂಜೆ ಸರಿ ಇದ್ದ ಗುರುತು ರಾತ್ರಿ ತಪ್ಪುತ್ತದೆ. ಕೈಯಲ್ಲಿ ಎಳೆಯುವುದಕ್ಕೆ ಪಾಲಿಯೆಸ್ಟರ್ ಹಗ್ಗವೇ ಸರಿ.

ರಾಟೆಯನ್ನು ತಗಡಿಗೆ ಆಧಾರವಾದ ಅಡ್ಡಪಟ್ಟಿಗೆ ತೂಗಬಾರದು. ಕಾಂಕ್ರೀಟ್ ತೊಲೆಗೆ ಇಲ್ಲವೇ ಟ್ರಸ್ಸಿನ (ಛಾವಣಿ ಹೊರುವ ಚೌಕಟ್ಟಿನ) ಕೂಡುಗೆಗೆ ಮಾತ್ರ, ಅದೂ ಎಂಜಿನಿಯರ್ ನೋಡಿದ ಮೇಲೆ. ಪ್ರತಿ ಲೈಟಿಗೂ ಬೇರೆ ಸುರಕ್ಷಾ ತಂತಿ. ಜನ ಒಳಗಿದ್ದಾಗ ಪೈಪು 9 ಅಡಿಗಿಂತ ಕೆಳಗೆ ಬರದಂತೆ ತಡೆ ಹಾಕುತ್ತೇವೆ.

ಅಪಾಯ ಹೆಚ್ಚು ಇರುವುದು ಬಿಚ್ಚುವಾಗ. ಪೈಪು ಕೆಳಗಿದ್ದಾಗ ಮರಳು ಚೀಲಗಳು ತಲೆಯ ಮೇಲಿರುತ್ತವೆ. ಪೈಪನ್ನು ನೆಲದ ಕೊಂಡಿಗೆ ಸರಪಳಿಯಿಂದ ಬಿಗಿಯದೆ ಲೈಟು ಬಿಚ್ಚಿದರೆ, ಹಗುರಾದ ಪೈಪು ಸರ್ರನೆ ಮೇಲೆ ಹಾರುತ್ತದೆ, ಅತ್ತ 27 ಕಿಲೊ ಕೆಳಗೆ ಬೀಳುತ್ತದೆ. ಎಲ್ಲರಿಗೂ ಮನೆಗೆ ಹೋಗುವ ಅವಸರ ಇರುವ ಹೊತ್ತು ಅದು.

ಲೈಟಿಗೆ ಕರೆಂಟಿನ ಒಂದು ಫೇಸು, ಸೌಂಡಿಗೆ ಇನ್ನೊಂದು. ಒಂದೇ ಲೈನಿನಲ್ಲಿ ಹಾಕಿದರೆ ಸ್ಪೀಕರು ಗುಂಯ್ ಅನ್ನುತ್ತದೆ. ಗೋಡೆಯಿಂದ ನಾಲ್ಕು ಇಂಚು ಬಿಟ್ಟು ದಪ್ಪ ಕಂಬಳಿ ತೂಗಿದರೆ ಮಾರ್ದನಿ ಇಳಿಯುತ್ತದೆ. ಬಾಸ್, ಅಂದರೆ ಗುಡುಗುವ ಕೆಳದನಿ, ಮಾತ್ರ ಕಂಬಳಿಗೆ ನಿಲ್ಲುವುದಿಲ್ಲ, ಗೋಡೆ ದಾಟಿ ಪಕ್ಕದ ಮನೆಯ ಕಿಟಕಿ ನಡುಗಿಸುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕಕ್ಕೆ ತಡೆ ಇದೆ. ಮುಚ್ಚಿದ ಹಾಲ್ ಆದರೂ ರಸ್ತೆಯಲ್ಲಿ ನಿಂತು ಕೇಳಿ ಬಾಸ್ ಇಳಿಸಬೇಕು.

ರೂಬೆಲ್, ಶ್ರೇಗರ್ ನಡೆಸುತ್ತಿದ್ದ ಅಂಥ ಸ್ಟುಡಿಯೊ 54 ಮೂರು ವರ್ಷ ತುಂಬುವ ಮೊದಲೇ ಮುಗಿದದ್ದು ಬೆಳಕು ಸೋತದ್ದರಿಂದಲ್ಲ, ನಗದು ಲೆಕ್ಕ ಮುಚ್ಚಿಟ್ಟದ್ದರಿಂದ. ಮೊದಲ ದಿನಗಳಲ್ಲಿ ಮದ್ಯದ ಲೈಸೆನ್ಸ್ ಇಲ್ಲದೆ ದಿನದ ಪರವಾನಗಿಗಳ ಮೇಲೆ ನಡೆಸಿದರು. 1978ರ ಡಿಸೆಂಬರಿನಲ್ಲಿ ತೆರಿಗೆಯವರ ದಾಳಿ ಆಯಿತು, 1980ರ ಜನವರಿಯಲ್ಲಿ ಇಬ್ಬರಿಗೂ ಮೂರೂವರೆ ವರ್ಷ ಶಿಕ್ಷೆ. 1998ರಿಂದ ಅಲ್ಲಿ ಮತ್ತೆ ನಾಟಕ ನಡೆಯುತ್ತಿದೆ.

ಅದಕ್ಕೇ ಬಾಗಿಲಲ್ಲಿ ನಾವು ನಂಬರ್ ಹಾಕಿದ ಟಿಕೆಟ್ ಬಿಟ್ಟು ಬೇರೇನೂ ಇಡುವುದಿಲ್ಲ. ಹರಿದ ಅರ್ಧ ಡಬ್ಬಿಗೆ, ಉಳಿದ ಅರ್ಧ ಬಂದವರ ಕೈಗೆ. ಪೆಟ್ಟಿಗೆಯ ಹಣ ಎಣಿಸುವವನು ಬೇರೆ, ಡಬ್ಬಿ ಎಣಿಸುವವನು ಬೇರೆ. ಬಿಟ್ಟಿ ಪಾಸಿಗೆ ಬೇರೆ ಬಣ್ಣ, ಅದಕ್ಕೂ ನಂಬರ್. ಎರಡು ಲೆಕ್ಕ ಕೂಡಿದ ಮೇಲೇ ಲೈಟಿನವರ ಬಟವಾಡೆ, ಅದೇ ರಾತ್ರಿ, ಸಹಿ ಹಾಕಿಸಿ.