ದೊಡ್ಡವರಿಗೆ ಕಾರಿನ ಜಿಪಿಎಸ್ ಕೊಡುವಾಗ ಇಷ್ಟು ನೋಡಿ

ಮನೆಯ ಹಿರಿಯರಿಗೆ ಜಿಪಿಎಸ್ ಉಡುಗೊರೆ ಕೊಡೋದಾದರೆ ಮ್ಯಾಪ್ ಸಾಧನದ ಒಳಗೇ ಇರುವಂಥದ್ದನ್ನೇ ತಗೊಳ್ಳಿ. ನಮ್ಮ ಚಿಕ್ಕಮಗಳೂರು ಕಡೆಯಿಂದ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಮೊಬೈಲ್ ನೆಟ್‌ವರ್ಕ್ ನಂಬೋ ಹಾಗಿಲ್ಲ ಅಲ್ವಾ, ಆದರೆ ಜಿಪಿಎಸ್ ಸಿಗ್ನಲ್ ಬರೋದು ಉಪಗ್ರಹದಿಂದ, ಅದಕ್ಕೆ ಸಿಮ್ ಬೇಡ, ಮ್ಯಾಪ್ ಒಳಗಿದ್ದರೆ ದಾರಿ ತೋರಿಸುತ್ತಲೇ ಇರುತ್ತದೆ.

ಸ್ಕ್ರೀನ್ 7 ಇಂಚು ಇರಲಿ. ಫೀಚರ್ ಜಾಸ್ತಿ ಇದೆ ಅಂತ ಸುಮ್ನೆ ದುಡ್ಡು ಸುರಿಯಬೇಡಿ. ಅಂಗಡಿಯಲ್ಲೇ ಆನ್ ಮಾಡಿಸಿ, ಕನ್ನಡ ಧ್ವನಿ ಇದೆಯಾ, ಮ್ಯಾಪ್ ಅಪ್‌ಡೇಟ್ ಉಚಿತವಾ ಅಂತ ಕೇಳಿ.

ಮುಖ್ಯವಾದದ್ದು ಇದು: ಡಬ್ಬಿ ಹಾಗೇ ಕೈಗೆ ಕೊಡಬೇಡಿ. ಮನೆ, ಆಸ್ಪತ್ರೆ, ಮಗಳ ಊರು ಎಲ್ಲ ನೀವೇ ಸೇವ್ ಮಾಡಿಕೊಡಿ. ತೋಟದ ಮನೆಗೆ ವಿಳಾಸ ಟೈಪ್ ಮಾಡಿದರೆ ಎಲ್ಲೆಲ್ಲೋ ತೋರಿಸಬಹುದು, ಅದಕ್ಕೆ ಗೇಟಿನ ಮುಂದೆ ಕಾರು ನಿಲ್ಲಿಸಿ ಆ ಜಾಗವನ್ನೇ ಸೇವ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಹತ್ತಿರದ ದಾರಿ ಅಂತ ಇದ್ದರೆ ತೆಗೆದು ಬೇಗ ತಲುಪುವ ದಾರಿ ಹಾಕಿ, ಮಣ್ಣು ರಸ್ತೆ ಬೇಡ ಅನ್ನೋ ಆಯ್ಕೆಯನ್ನೂ ಆನ್ ಮಾಡಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಯಾರದೋ ಎಸ್ಟೇಟಿನ ಕೆಸರಿಗೆ ಇಳಿಸಿಬಿಡುತ್ತದೆ.

ಒಂದು ಭಾನುವಾರ ಪಕ್ಕದಲ್ಲಿ ಕೂತು ಮೂಡಿಗೆರೆವರೆಗೆ ಓಡಿಸಿ ತೋರಿಸಿ.